ಆಸರೆಯ ಅರವತ್ತೊಂದನೆಯ ದಿನ

ಚನ್ನವೀರ ಆ ಕೋಣೆಗೆ ಬಂದಾಗ ಇಪ್ಪತ್ತೊಂದು ದಿನ ಎಂದು ಹೇಳಿದ್ದರು. ಅಷ್ಟಕ್ಕೆ ಎಷ್ಟು ಸಾಮಾನು ಬೇಕು ಎಂದುಕೊಂಡು ಅವನು ಎರಡು ಜೊತೆ ಬಟ್ಟೆ, ಒಂದು ಟವೆಲು, ಮೊಬೈಲ್ ಚಾರ್ಜರ್ ಇಷ್ಟನ್ನೇ ಚೀಲಕ್ಕೆ ಹಾಕಿಕೊಂಡು ಬಂದಿದ್ದ. ಈಗ ಐವತ್ತೈದನೆಯ ದಿನ. ಹುಬ್ಬಳ್ಳಿಯ ಹೊರವಲಯದ ಆ ಮಕ್ಕಳ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಅವನ ಲೋಕದ ಉದ್ದ ಆರು ಅಡಿ. ಎಡ ಹೆಗಲಿನ ಕೆಳಗಿಂದ ಹೊರಟ ಎರಡು ನಾಳಗಳು ಮಗ್ಗುಲಿನ ಪೆಟ್ಟಿಗೆಗೆ ಹೋಗುತ್ತಿದ್ದವು. ಪೆಟ್ಟಿಗೆಯಿಂದ ಇನ್ನೆರಡು ಸಣ್ಣ ನಾಳಗಳು ಗಾಜಿನ ತೊಟ್ಟಿಲಲ್ಲಿದ್ದ ಅವನ ಮಗಳ ಕುತ್ತಿಗೆಗೆ ಹೋಗುತ್ತಿದ್ದವು. ಅವನು ಆರು ಅಡಿ ಸರಿದರೆ ತೊಟ್ಟಿಲೂ ಸರಿಯಬೇಕು. ಬಚ್ಚಲಿಗೆ ಹೋಗುವಾಗ ಇಬ್ಬರು ನರ್ಸುಗಳು ತೊಟ್ಟಿಲನ್ನೂ ಪೆಟ್ಟಿಗೆಯನ್ನೂ ಹಿಂದೆ ತಳ್ಳಿಕೊಂಡು ಬಂದು ಪರದೆಯ ಆಚೆ ನಿಲ್ಲುತ್ತಿದ್ದರು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಅದೂ ಹೋಯಿತು.

ಇದಕ್ಕೆ ಮೊದಲು ಅವನ ಬದುಕು ಬೇರೆಯಿತ್ತು. ಕಪ್ಪತಗುಡ್ಡದ ಸಾಲಿನಲ್ಲಿ, ಊರವರು ಫ್ಯಾನು ಎಂದು ಕರೆಯುವ ಗಾಳಿಯಂತ್ರಗಳ ಮೆಕ್ಯಾನಿಕ್ ಅವನು. ನೂರಿಪ್ಪತ್ತು ಮೀಟರ್ ಎತ್ತರದ ಕಂಬದೊಳಗಿನ ಏಣಿ ಹತ್ತಿ, ತುದಿಯ ಡಬ್ಬಿಯ ಮುಚ್ಚಳ ತೆರೆದು ತಲೆ ಹೊರಗೆ ಹಾಕಿದರೆ ಡಂಬಳದ ಕೆರೆಯಿಂದ ಹಿಡಿದು ತುಂಗಭದ್ರೆಯವರೆಗೆ ಎಲ್ಲ ಕಾಣುತ್ತಿತ್ತು. ಮೂವತ್ತೊಂದು ವರ್ಷದ ಆಳು; ಒಂದು ಕಡೆ ಕೂತು ಉಂಡವನಲ್ಲ.

ಕೂಸು ಹುಟ್ಟಿದ್ದು ಯುಗಾದಿ ಕಳೆದ ವಾರಕ್ಕೆ. ಮೂರನೆಯ ವಾರಕ್ಕೆ ಅದರ ಕಣ್ಣು ಅರಿಸಿನವಾದವು. ಎಳೆಬಿಸಿಲಿಗೆ ಹಿಡಿಯಿರಿ, ಹೋಗುತ್ತದೆ ಎಂದರು ಹಿರಿಯರು. ಹಿಡಿದರು. ನಾಲ್ಕನೆಯ ವಾರಕ್ಕೆ ಕೂಸು ಹಾಲು ಕುಡಿಯುವುದನ್ನೇ ಮರೆತು, ಕರೆದರೂ ಏಳದಂಥ ನಿದ್ದೆಗೆ ಜಾರಿತು. ಹುಬ್ಬಳ್ಳಿಗೆ ತಂದ ದಿನ ಡಾಕ್ಟರ್ ರುಬೀನಾ ಸವಣೂರ ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು:

"ಲಿವರ್ ಅಂದ್ರ ಮನ್ಯಾಗಿನ ಅಡಗಿಮನಿನೂ ಹೌದು, ಬಚ್ಚಲಾನೂ ಹೌದ್ರಿ. ನಿಮ್ಮ ಕೂಸಿಂದು ಎರಡೂ ಬಂದ್ ಆಗ್ಯಾವ. ರಕ್ತದಾಗ ನಂಜು ಏರಾಕತ್ತೇತಿ. ನಾವು ಆಕೀದೇ ಜೀವಕೋಶ ತಗೊಂಡು ಲ್ಯಾಬಿನಾಗ ಲಿವರಿನ ಒಂದು ತೇಪಿ ಬೆಳಸ್ತೀವಿ. ಅದಕ್ಕ ಇಪ್ಪತ್ತೊಂದು ದಿನ ಬೇಕು. ಅಲ್ಲೀತನಕ ಆಕೀ ನಂಜು ಕಳ್ಯಾಕ ಯಾರರ ಒಬ್ಬರ ಲಿವರ್ ಬೇಕು. ಕೊಯ್ದು ಕೊಡೂದಲ್ಲ. ಮಗ್ಗಲದಾಗ ಕುಂತು, ಸಾಲದಂಗ ಕಡಾ ಕೊಡೂದು."

ಅದಕ್ಕೇ ಆ ಯಂತ್ರಕ್ಕೆ ಆಸರೆ ಎಂದು ಹೆಸರು. ಪೆಟ್ಟಿಗೆಯೊಳಗೆ ಕೂದಲಿಗಿಂತ ಸಪೂರವಾದ ಸಾವಿರಾರು ಕೊಳವೆಗಳಿದ್ದವು. ಒಳಗೆ ಕೂಸಿನ ರಕ್ತ, ಹೊರಗೆ ಅಪ್ಪನ ರಕ್ತ. ಎರಡೂ ಕೂಡುವುದಿಲ್ಲ, ಆದರೆ ನಡುವಿನ ತೆಳುಗೋಡೆಯಿಂದ ನಂಜು ಈಚೆ ಜಾರುತ್ತದೆ. ದೊಡ್ಡವರ ಯಕೃತ್ತು ಅದನ್ನು ಅರಗಿಸುತ್ತದೆ. ಒಂದೇ ತೊಡಕು. ಮೂರು ದಿನದಲ್ಲಿ ಆ ಗೋಡೆಗೆ ಆಸರೆಯಾದವರ ರಕ್ತದ ಲೇಪ ಕೂಡುತ್ತದೆ, ಕೂಸಿನ ಮೈ ಆ ಲೇಪವನ್ನು ತನ್ನದೆಂದು ಒಪ್ಪಿಕೊಳ್ಳುತ್ತದೆ. ಆಮೇಲೆ ಬೇರೆ ಯಾರು ಬಂದು ಕೂತರೂ ತಿರುಗಿ ಬೀಳುತ್ತದೆ. ಮೊದಮೊದಲು ಆಸರೆಯವರನ್ನು ಬದಲಿಸಿ ನೋಡಿದ್ದರಂತೆ. ಎರಡು ಕೂಸು ಹೋದ ಮೇಲೆ ಆ ಗೊಡವೆಗೆ ಹೋಗಲಿಲ್ಲ. ಒಮ್ಮೆ ಕೂತವರೇ ಕೊನೆಯವರೆಗೆ.

ಹೆಂಡತಿ ಮಧುಮತಿಗೆ ಹೆರಿಗೆಯ ಆಪರೇಷನ್ನಿನ ಹೊಲಿಗೆ ಕೀವಾಗಿತ್ತು. ಹಾಗಾಗಿ ಚನ್ನವೀರ ಕೂತ.

ಮೊದಲ ತೇಪೆಯನ್ನು ಇಪ್ಪತ್ತೆರಡನೆಯ ದಿನ ಹಾಕಿದರು. ಅದು ನಾಲ್ಕೇ ದಿನಕ್ಕೆ ಕಪ್ಪಾಯಿತು. ಮತ್ತೆ ಬೆಳೆಸಿ, ನಲವತ್ತೇಳನೆಯ ದಿನ ಎರಡನೆಯದನ್ನು ಹಾಕಿದರು. ಅದು ಬದುಕಿತು. ಸ್ಕ್ಯಾನಿನಲ್ಲಿ ಅದರೊಳಗೆ ರಕ್ತ ಹರಿಯುವುದು ಕಾಣುತ್ತಿತ್ತು. ಬದುಕಿತ್ತು, ಆದರೆ ಕೆಲಸ ಮಾಡುತ್ತಿರಲಿಲ್ಲ. ಕೂಸಿನ ಮಲ ಇನ್ನೂ ಸುಣ್ಣದ ಹಾಗೆ ಬಿಳಿಯೇ.

ಕೋಣೆಯ ಒಂದು ಗೋಡೆ ಗಾಜಿನದು. ಅದರಾಚೆ ನಿಯಂತ್ರಣ ಕೊಠಡಿ. ಅಲ್ಲಿ ಕೂರುತ್ತಿದ್ದ ವಿನೋದ ಪತ್ತಾರ ಆಸರೆ ಯಂತ್ರದ ತಂತ್ರಜ್ಞ. ಬೇಸರವಾದಾಗ ಅವನು ಸ್ಪೀಕರ್ ಹಾಕಿ ಚನ್ನವೀರನ ಜೊತೆ ಮಾತಾಡುತ್ತಿದ್ದ. ಇಬ್ಬರೂ ಯಂತ್ರದವರು, ಮಾತು ಕೂಡುತ್ತಿತ್ತು.

"ನಿಮ್ಮ ಫ್ಯಾನಿಗೆ ಗಾಳಿ ಹೆಚ್ಚಾದ್ರ ಏನ್ ಮಾಡ್ತೀರಿ ಅಣ್ಣಾರ?"

"ರೆಕ್ಕಿ ತಾನೇ ಮಗ್ಗಲಾ ತಿರಗಸ್ಕೋತೈತಿ. ಗಾಳಿ ಬಿಟ್ಟು ಕೊಡ್ತೈತಿ."

"ನಮ್ಮದು ಹಂಗಲ್ಲ ನೋಡ್ರಿ. ಕೂಸಿನ ನಂಜು ಅರವತ್ತು ದಾಟಿದ್ರ ಸಾಕು, ತಾನೇ ನಾಳ ಅಗಲ ಮಾಡಿ ನಿಮ್ಮ ಕಡೆ ತಳ್ತೈತಿ. ಭಾಳ ಮುದ್ದಿನ ಮಷೀನು. ಹಸಿವಾಗೂಕಿಂತ ಮೊದ್ಲ ಬಾಯಿಗೆ ತುತ್ತು."

ಚನ್ನವೀರ ನಕ್ಕಿದ್ದ.

ಆ ಕೋಣೆಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ನಾಳವಲ್ಲ, ಹಾಸಿಗೆಯಲ್ಲ, ಬೇಳೆ ಇಲ್ಲದ ಗಂಜಿಯೂ ಅಲ್ಲ. ಬೆಳಗಿನ ಹತ್ತು ಗಂಟೆ. ಹತ್ತಕ್ಕೆ ಸರಿಯಾಗಿ ಗಂಗಾಧರ ಹೊಂಬಳ ಎಂಬ ಸಮ್ಮತಿ ಅಧಿಕಾರಿ ಬರುತ್ತಿದ್ದರು. ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುದನಿ. ಒಳಗಿದ್ದವರನ್ನೆಲ್ಲ ಹೊರಗೆ ಕಳಿಸಿ, ಸ್ಪೀಕರ್ ಬಂದ್ ಮಾಡಿಸಿ, ಕೈಯಲ್ಲಿನ ಫಲಕ ನೋಡಿಕೊಂಡು ಓದುತ್ತಿದ್ದರು:

"ನೀವು ನಿಮ್ಮ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಇಂದೂ ಆಸರೆಯಾಗಿ ಮುಂದುವರಿಯಲು ಒಪ್ಪುವಿರಾ?"

ಕಾನೂನು ಹಾಗಿತ್ತು. ಒಬ್ಬ ಮನುಷ್ಯನ ಮೈಯನ್ನು ಇನ್ನೊಬ್ಬರ ಸಲುವಾಗಿ ಕಟ್ಟಿಹಾಕುವಂತಿಲ್ಲ. ದಿನವೂ ಕೇಳಬೇಕು, ದಿನವೂ ಅವನು ಹೂಂ ಅನ್ನಬೇಕು. ಅನ್ನದಿದ್ದರೆ ಎರಡು ಗಂಟೆಯಲ್ಲಿ ಬಿಡಿಸಬೇಕು. ಯಾರೂ ತಡೆಯುವಂತಿಲ್ಲ, ಯಾರೂ ಪುಸಲಾಯಿಸುವಂತಿಲ್ಲ. ಕೇಳಲಿಕ್ಕೆ ದೊಡ್ಡ ಉಪಕಾರದ ಕಾನೂನು. ಆದರೆ ಬೀಗ ಹಾಕಿದ ಕೋಣೆಯಲ್ಲಿದ್ದವನು ಬೀಗವನ್ನಾದರೂ ಬಯ್ದುಕೊಂಡು ಕೂತಾನು. ಚನ್ನವೀರನ ಬಾಗಿಲು ಸದಾ ತೆರೆದೇ ಇತ್ತು, ಅದನ್ನು ದಿನವೂ ಬೆಳಿಗ್ಗೆ ಅವನೇ ಒಳಗಿನಿಂದ ಹಾಕಿಕೊಳ್ಳಬೇಕಾಗಿತ್ತು. "ಹೂಂ, ಒಪ್ಪೀನಿ" ಎಂದು ಹೇಳಿ ಅವನು ಗಾಜಿನ ಕಡೆ ನೋಡಿದರೆ, ಆಚೆ ಮಧುಮತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅವನ ತುಟಿಗಳನ್ನೇ ನೋಡುತ್ತ ನಿಂತಿರುತ್ತಿದ್ದಳು. ಐವತ್ತೈದು ದಿನವೂ ನಿಂತಿದ್ದಳು.

ಡಂಬಳದ ಪಂಚಾಯಿತಿ ಗ್ರಂಥಾಲಯದಲ್ಲಿ ಕೆಲಸ ಮಾಡುವ ಮಧುಮತಿ ಮೆತ್ತಗಿನ ಹೆಂಗಸಲ್ಲ. ಮದುವೆಯಾದ ನಾಲ್ಕು ವರ್ಷದಲ್ಲಿ ಚನ್ನವೀರನ ತಪ್ಪನ್ನು ಅವಳು ಒಂದನ್ನೂ ಬಿಟ್ಟವಳಲ್ಲ. ಆದರೆ ಆಸ್ಪತ್ರೆಗೆ ಬಂದಾಗಿನಿಂದ ಎದುರಾಡುವುದಿಲ್ಲ, ಮುಖ ಸಿಂಡರಿಸುವುದಿಲ್ಲ. ಮೋಸಂಬಿ ಸುಲಿದು, ಬೀಜ ತೆಗೆದು, ಕೈಗೇ ಕೊಡುತ್ತಾಳೆ. ಒಮ್ಮೆ ಅವನು ಸುಮ್ಮಸುಮ್ಮನೆ ಗಂಜಿಯ ಬಟ್ಟಲನ್ನು ತಳ್ಳಿ, "ಉಪ್ಪಿಲ್ಲ, ಸುಡುಗಾಡು" ಎಂದು ರೇಗಿದ. ಅವಳು "ತಪ್ಪಾತ್ರಿ" ಎಂದು ನೆಲ ಒರೆಸಿದಳು. ಅವನಿಗೆ ಅಳು ಬಂತು. ಹೆಂಡತಿ ತನ್ನನ್ನು ಪ್ರೀತಿಸುತ್ತಿಲ್ಲ, ತನಗೆ ಹೆದರುತ್ತಿದ್ದಾಳೆ. ನಾಳೆ ಹತ್ತು ಗಂಟೆಗೆ ತಾನು ಏನು ಹೇಳಿಬಿಡುತ್ತೇನೋ ಎಂದು ಹೆದರುತ್ತಿದ್ದಾಳೆ ಎಂದು ಅವನಿಗೆ ಆಗ ತಿಳಿಯಿತು.

ಐವತ್ತೇಳನೆಯ ದಿನ ರುಬೀನಾ ಬಂದು, "ಕೈ ಚಾಚ್ರಿ, ಬೆರಳು ಅಗಲ ಮಾಡಿ ಮ್ಯಾಲೆ ಎತ್ತರಿ" ಎಂದರು. ದಿನವೂ ಮಾಡಿಸುವುದೇ. ಅವತ್ತು ಅವನ ಅಂಗೈಗಳು ಹಿಡಿದಲ್ಲಿ ನಿಲ್ಲದೆ, ಹಕ್ಕಿ ರೆಕ್ಕೆ ಬಡಿದ ಹಾಗೆ ಪಟಪಟ ಬಿದ್ದು ಬಿದ್ದು ಎದ್ದವು. ಆಕಾಶದಲ್ಲಿ ನೇತಾಡುತ್ತ ಬೋಲ್ಟು ಬಿಗಿದ ಕೈಗಳು. ಅವನು ಅವುಗಳನ್ನು ಬೇರೆ ಯಾರದೋ ಕೈಗಳೆಂಬಂತೆ ನೋಡಿದ.

"ನಿಮ್ಮ ನಂಜಿನ ಅಂಕಿ ಎಂಬತ್ತೆಂಟು ಐತ್ರಿ," ಎಂದರು ರುಬೀನಾ. "ಐವತ್ತರೊಳಗ ಇರಬೇಕಾಗಿತ್ತು. ನಿಮ್ಮ ಲಿವರ್ ದಣದೈತಿ. ನಾ ಮುಚ್ಚಿಡೂದಿಲ್ಲ. ಹಿಂಗ ಇನ್ನ ಒಂದು ತಿಂಗಳು ಹೋದ್ರ ನಿಮ್ಮದು ತಿರುಗಿ ಸುಧಾರಸ್ತೈತಿ ಅಂತ ನಾ ಹೇಳಾಂಗಿಲ್ಲ."

"ಮತ್ತ ಆ ತೇಪಿ?"

"ಅದ್ಯಾಕ ಸುಮ್ನ ಕುಂತೈತಿ ಅಂತ ನನಗೂ ತಿಳೀವಲ್ದು."

ಅವರು ನಿಯಂತ್ರಣ ಕೊಠಡಿಗೆ ಹೋಗಿ ವಿನೋದನ ಜೊತೆ ಬಹಳ ಹೊತ್ತು ಮಾತಾಡಿದರು. ಗಾಜಿನಾಚೆ ವಿನೋದ ಎರಡೂ ಕೈಗಳನ್ನು ಕೆಳಗೆ ಕೆಳಗೆ ಒತ್ತಿ ಏನನ್ನೋ ಇಳಿಸುವವನ ಹಾಗೆ ತೋರಿಸಿದ. ರುಬೀನಾ ತಲೆ ಅಡ್ಡಡ್ಡ ಆಡಿಸಿದರು. ಚನ್ನವೀರನಿಗೆ ಕೇಳಿಸಲಿಲ್ಲ.

ಸುದ್ದಿ ಅವ್ವನಿಗೆ ಮುಟ್ಟಿತು. ನೀಲವ್ವ ಆಸ್ಪತ್ರೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಸೊಸೆಯ ಜೊತೆ ಇದ್ದು ಅಡುಗೆ ಮಾಡುತ್ತಿದ್ದಳು. ಮರುದಿನ ಮಧ್ಯಾಹ್ನ ಬಂದವಳು ಮೊಮ್ಮಗಳ ಗಾಜಿನ ತೊಟ್ಟಿಲ ಕಡೆ ನೋಡದೆ ಸೀದಾ ಮಗನ ಹಾಸಿಗೆಯ ಅಂಚಿಗೆ ಕೂತಳು.

"ಏಳು ಚನ್ನೂ. ಸಾಕು."

"ಯವ್ವಾ..."

"ಎರಡು ತಿಂಗಳಾತು ನಾ ಬಾಯಿ ಮುಚ್ಕೊಂಡು ಕುಂತೀನಿ. ಆ ಕೂಸಿನ ಸಲುವಾಗಿ ಆಕೀ ಅವ್ವ ದಿನಾ ಗಾಜಿಗೆ ನಿಂತು ಬೇಡ್ಕೋತಾಳ. ಬೇಡ್ಕೋಬೇಕು, ಹಡದಾಕಿ. ನೀನೂ ಒಬ್ಬಾಕಿ ಹಡದ ಕೂಸೇ ಹೌದಲ್ಲ? ನನ್ನ ಕೂಸಿನ ಸಲುವಾಗಿ ಯಾರು ಬೇಡ್ಕೋಬೇಕು?"

"ಸಣ್ಣ ಜೀವ ಐತಿ ಯವ್ವ ಅದು."

"ದೊಡ್ಡ ಜೀವ ಅಂದ್ರ ಪುಕ್ಕಟೆ ಬಂದೈತೇನು? ಮೂವತ್ತು ವರ್ಷ ಬೆಳಸೀನಿ."

ಬಾಗಿಲಲ್ಲಿ ಮಧುಮತಿ ತಟ್ಟೆ ಹಿಡಿದು ನಿಂತಿದ್ದಳು. ಯಾವಾಗ ಬಂದಳೋ. ನೀಲವ್ವ ಅವಳನ್ನು ನೋಡಿಯೂ ಮಾತು ಹಿಂತೆಗೆದುಕೊಳ್ಳಲಿಲ್ಲ. ಮಧುಮತಿ ಒಳಗೆ ಬಂದು ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಅತ್ತಿ ಹೇಳೂದ್ರಾಗ ತಪ್ಪೇನೈತ್ರಿ," ಎಂದಳು. ಹೇಳಿ ಹೊರಟುಹೋದಳು. ಕೂಗಾಡಿದ್ದರೆ ಚೆನ್ನಾಗಿತ್ತು ಎನ್ನಿಸಿತು ಚನ್ನವೀರನಿಗೆ. ಒಂದು ಕಡೆ ಅವ್ವ, ಒಂದು ಕಡೆ ಹೆಂಡತಿ, ನಡುವೆ ಆರು ಅಡಿ ನಾಳ. ಯಾರ ಮಾತೂ ಸುಳ್ಳಲ್ಲ.

ಅವನು ಮಗಳ ಕಡೆ ಹೊರಳಿದ. ನಿಜ ಹೇಳಬೇಕೆಂದರೆ ಆ ಮುಖದ ಮೇಲೆ ಅವನಿಗೆ ಕೆಲವು ದಿನಗಳಿಂದ ಸಿಟ್ಟು ಬರುತ್ತಿತ್ತು. ಇನ್ನೂ ಹೆಸರಿಡದ, ಅವನ ಅಂಗೈಯಿಂದ ಮೊಣಕೈವರೆಗಿನಷ್ಟೇ ಉದ್ದದ ಜೀವ. ಅದರ ನಂಜು ಕುಡಿದು ತಾನು ಮಬ್ಬಾಗುತ್ತಿದ್ದರೆ ಅದು ಮಾತ್ರ ಹಾಯಾಗಿ ಮಲಗಿದೆ ಎನ್ನಿಸುತ್ತಿತ್ತು. ಮರುಕ್ಷಣ ಅದು ನಿದ್ದೆಯಲ್ಲಿ ತುಟಿ ಚೀಪಿದರೆ ಎತ್ತಿ ಎದೆಗೆ ಒತ್ತಿಕೊಳ್ಳಬೇಕೆನ್ನಿಸುತ್ತಿತ್ತು. ಎರಡೂ ಒಂದೇ ಗಳಿಗೆಯಲ್ಲಿ ಆಗುತ್ತವೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅರವತ್ತೊಂದನೆಯ ದಿನ ಬೆಳಿಗ್ಗೆ ಎಚ್ಚರಾದಾಗ ಕಿಟಕಿಯಾಚೆ ಆಷಾಢದ ಗಾಳಿ ಎದ್ದಿತ್ತು. ಆ ಕಿಟಕಿ ತೆರೆಯುವಂಥದ್ದಲ್ಲ. ಎದುರಿನ ಕಟ್ಟಡದ ಮಾಳಿಗೆಯ ಮೇಲೆ ಆಸ್ಪತ್ರೆಯ ಹಸಿರು ಬಟ್ಟೆಗಳನ್ನು ಒಣಹಾಕಿದ್ದರು. ಅವೆಲ್ಲ ತಂತಿಯಿಂದ ಕಿತ್ತುಕೊಂಡು ಹೋಗುವಂತೆ ಅಡ್ಡಕ್ಕೆ ನೆಟ್ಟಗೆ ನಿಂತಿದ್ದವು. ಅವನ ಕಣ್ಣು ತಾನೇ ಅಳೆಯಿತು. ಸೆಕೆಂಡಿಗೆ ಹದಿನಾಲ್ಕು ಮೀಟರ್, ಪಡುವಣ ಗಾಳಿ. ಇಂಥ ದಿನ ಗುಡ್ಡದ ಮೇಲೆ ಒಂದು ಫ್ಯಾನೂ ನಿಲ್ಲುವುದಿಲ್ಲ. ಅರವತ್ತು ದಿನದಿಂದ ಅವನು ಯಂತ್ರ ತಂಪು ಮಾಡಿ ಕೊಟ್ಟ ಗಾಳಿಯನ್ನೇ ಉಸಿರಾಡಿದ್ದ. ಆ ಮಾಳಿಗೆಯ ಮೇಲೆ ಹೋಗಿ ಒಂದು ಗಳಿಗೆ ನಿಂತರೆ ಸಾಕು, ಬೇರೇನೂ ಬೇಡ ಎನ್ನಿಸಿತು.

ಹತ್ತಕ್ಕೆ ಹೊಂಬಳ ಬಂದರು. ಓದಿದರು. "...ಇಂದೂ ಆಸರೆಯಾಗಿ ಮುಂದುವರಿಯಲು ಒಪ್ಪುವಿರಾ?"

ಹೂಂ ಎನ್ನಲು ಬಾಯಿ ತೆರೆದ ಚನ್ನವೀರ, "ಇಲ್ಲ" ಎಂದ.

ಹೊಂಬಳ ತಲೆಯೆತ್ತಿದರು. "ಏನಂದ್ರಿ?"

"ಇಲ್ರಿ. ಒಪ್ಪೂದಿಲ್ಲ."

ಹೊಂಬಳ ಮತ್ತೆ ಫಲಕ ನೋಡಿಕೊಂಡರು. ಬುದ್ಧಿ ಮಬ್ಬಾದವನ ಮಾತನ್ನು ಕಾನೂನು ಒಪ್ಪುವುದಿಲ್ಲ, ಹಾಗಾಗಿ ಪರೀಕ್ಷಿಸಬೇಕಾಗಿತ್ತು. ವಾರ ಯಾವುದು, ಊರು ಯಾವುದು, ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದು ಕೇಳಿದರು. ಚನ್ನವೀರ ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಎಲ್ಲಿಯೂ ತಡವರಿಸದೆ ಎರಡರವರೆಗೆ ಇಳಿದ. ತಪ್ಪಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡ. ಮುಗಿದ ಮೇಲೆ ಗಾಜಿನ ಕಡೆ ನೋಡಿದ. ಮಧುಮತಿ ಅಲ್ಲಿರಲಿಲ್ಲ. ತುಟಿ ಓದಿಕೊಂಡು ಹೋಗಿಬಿಟ್ಟಿದ್ದಳು.

ಬಿಡಿಸುವ ಕೆಲಸ ಹತ್ತೂ ಹದಿನೈದಕ್ಕೆ ಶುರುವಾಯಿತು. ನಾಳವನ್ನು ಒಮ್ಮೆಲೇ ಮುಚ್ಚುವಂತಿಲ್ಲ. ಹನ್ನೆರಡು ನಿಮಿಷಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ಕಡಿಮೆ ಮಾಡುತ್ತ ಬರಬೇಕು. ಯಂತ್ರ ತಾನೇ ನಾಳ ಅಗಲ ಮಾಡಿಕೊಳ್ಳುವುದನ್ನು ವಿನೋದ ಮೊದಲ ಸಲ ಬಂದ್ ಮಾಡಿದ. ತೊಟ್ಟಿಲ ಮೇಲಿನ ಪರದೆಯಲ್ಲಿ ಕೂಸಿನ ನಂಜಿನ ಅಂಕಿ ಐವತ್ತೆಂಟು ಇತ್ತು.

ನೀಲವ್ವ ಬಂದಳು. ಗೆದ್ದವಳ ಮುಖ ಇರಲಿಲ್ಲ ಅವಳಿಗೆ. ಮಗನ ಹತ್ತಿರ ಬರದೆ, ತೊಟ್ಟಿಲ ಪಕ್ಕದ ರಂಧ್ರದಿಂದ ಕೈ ಒಳಗೆ ಹಾಕಿ ಕೂಸಿನ ಎರಡೂ ಪಾದಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಳು. ಅಂಕಿ ಎಪ್ಪತ್ತಾಯಿತು. ಎಂಬತ್ತೊಂಬತ್ತಾಯಿತು.

"ಮಧು ಎಲ್ಲಿ ಯವ್ವ?"

"ಕೆಳಗ ಕುಂತಾಳ. ಕರದೆ. ಬರವಲ್ಲಳು."

ನಲವತ್ತು ನಿಮಿಷ ಕಳೆಯಿತು. ಅಂಕಿ ನೂರಾ ಇಪ್ಪತ್ತಕ್ಕೆ ಬಂದಾಗ ಮಧುಮತಿ ಬಂದಳು. ಮುಖ ತೊಳೆದುಕೊಂಡಿದ್ದಳು. ರುಬೀನಾಗೆ, "ಕೂಸನ್ನ ಎತಗೋಬಹುದೇನ್ರಿ?" ಎಂದು ಕೇಳಿದಳು. ರುಬೀನಾ ತೊಟ್ಟಿಲ ಮುಚ್ಚಳ ತೆಗೆದು, ನಾಳ ಸಮೇತ ಎತ್ತಿ ಮಡಿಲಿಗೆ ಕೊಟ್ಟರು. ಅವಳು ಚನ್ನವೀರನ ಹಾಸಿಗೆಯ ಮೇಲೆಯೇ, ಅವನಿಗೆ ಬೆನ್ನು ತಾಗುವಂತೆ ಕೂತಳು. ಅವಳ ಬೆನ್ನು ಬಿಸಿಯಾಗಿತ್ತು.

ನೂರಾ ಮೂವತ್ತೆಂಟು. ಕೂಸಿನ ಉಸಿರು ಜೋರಾಯಿತು. ನೂರಾ ಐವತ್ತೆರಡು. ಅದರ ಬಲಗೈ ಸಣ್ಣಗೆ ಅದುರತೊಡಗಿತು, ನಾಲ್ಕು ದಿನದ ಹಿಂದೆ ಅವನ ಕೈ ಅದುರಿದ ಹಾಗೆಯೇ. ಅದನ್ನು ನೋಡಿದ್ದೇ ಚನ್ನವೀರನಿಗೆ ಗಾಳಿ, ಮಾಳಿಗೆ, ಯಕೃತ್ತು ಎಲ್ಲ ಮರೆತುಹೋಯಿತು.

"ಹಾಕ್ರಿ! ತಿರುಗಿ ಹಾಕ್ರಿ! ನಾ ಒಪ್ಪೀನಿ, ಹೊಂಬಳ ಅವರನ್ನ ಕರೀರಿ, ನಾ ಒಪ್ಪೀನಿ!"

ಎರಡು ಗಂಟೆಯೊಳಗೆ ಮನಸ್ಸು ಬದಲಿಸಲು ಅವಕಾಶವಿತ್ತು. ವಿನೋದನ ಕೈ ಗುಂಡಿಯ ಕಡೆ ಹೋಯಿತು. ಆಗ ರುಬೀನಾ, "ವಿನೋದ, ತಡಿ," ಎಂದು ಕೂಗಿದರು. ಅವರು ಪರದೆಗೆ ಮುಖ ಹಚ್ಚುವಷ್ಟು ಹತ್ತಿರ ಹೋಗಿ ನಿಂತಿದ್ದರು. ಆಮೇಲೆ ಇವರ ಕಡೆ ತಿರುಗಿದರು.

"ಕೇಳ್ರಿ ಇಬ್ರೂ. ನಾಳ ಹತ್ತರಾಗ ಏಳು ಪಾಲು ಮುಚ್ಚೇತಿ. ಲೆಕ್ಕದ ಪ್ರಕಾರ ಅಂಕಿ ಈಗ ಇನ್ನೂರಾ ಹತ್ತು ಇರಬೇಕಿತ್ತು. ನೂರಾ ಐವತ್ತೆರಡ ಐತಿ. ಅಂದ್ರ ಯಾರೋ ಒಬ್ಬರು ಒಳಗ ಕೆಲಸ ಮಾಡಾಕತ್ತಾರ. ತೇಪಿ ಅನಸ್ತೈತಿ. ಇಲ್ಲೀತನಕ ಅದಕ್ಕ ಕೆಲಸಾನ ಇರಲಿಲ್ಲ. ಎಲ್ಲಾ ನೀವ ಮಾಡ್ತಿದ್ರಿ. ನಾ ತಪ್ಪಿರಬಹುದು. ನಾಳ ತೆರೀ ಅಂದ್ರ ಈಗಿಂದೀಗ ತೆರೀತೀನಿ, ಅದು ನಿಮ್ಮ ಹಕ್ಕು. ಆದ್ರ ಹತ್ತು ನಿಮಿಷ ಕೊಟ್ರ..."

"ಹತ್ತು ನಿಮಿಷದಾಗ ಕೂಸಿಗೆ ಏನರ ಆದ್ರ?" ಎಂದ ಚನ್ನವೀರ.

"ಆಗಬಹುದು. ಮಿದುಳಿಗೆ ಪೆಟ್ಟು ಬೀಳಬಹುದು. ಸುಳ್ಳು ಹೇಳೂದಿಲ್ಲ."

"ಬ್ಯಾಡ. ತೆರೀರಿ. ನಾ ಕುಂದರ್ತೀನಿ. ವರ್ಷ ಆದ್ರೂ ಕುಂದರ್ತೀನಿ."

ಮಧುಮತಿ ಆಗ ಬಾಯಿ ತೆರೆದಳು. "ಹತ್ತು ನಿಮಿಷ ಕೊಡ್ರಿ," ಎಂದಳು.

"ಮಧು!"

"ಕೊಡ್ರಿ ಅಂದೆ." ಅವಳು ಹೊರಳಿ ಗಂಡನ ಕಣ್ಣನ್ನೇ ನೋಡಿ ಹೇಳಿದಳು. ಎರಡು ತಿಂಗಳಲ್ಲಿ ಮೊದಲ ಸಲ ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. "ನಿಮಗ ಕೈ ಮುಗೀತೀನಿ. ಹೂಂ ಅನಬ್ಯಾಡ್ರಿ. ಹತ್ತು ನಿಮಿಷ ಸುಮ್ನ ಕೂಡ್ರಿ."

ಅವನು ಸುಮ್ಮನೆ ಕೂತ. ಹತ್ತು ನಿಮಿಷವೆಂದರೆ ಎಷ್ಟು ಉದ್ದ ಎಂಬುದು ಅಲ್ಲಿದ್ದ ಐದು ಜನಕ್ಕೆ ಅವತ್ತು ತಿಳಿಯಿತು. ನೂರಾ ಅರವತ್ತು. ನೂರಾ ಅರವತ್ತೇಳು. ನೀಲವ್ವ ಸೊಸೆಯ ಮಡಿಲಿನಲ್ಲಿದ್ದ ಕೂಸಿನ ಪಾದಗಳನ್ನು ಮತ್ತೆ ಹಿಡಿದುಕೊಂಡಿದ್ದಳು. ಅವಳ ತುಟಿಗಳು ಮಾತ್ರ ಏನೋ ಜಪಿಸುತ್ತಿದ್ದವು. ನೂರಾ ಅರವತ್ತೊಂಬತ್ತು. ನೂರಾ ಎಪ್ಪತ್ತು. ನೂರಾ ಎಪ್ಪತ್ತು. ನೂರಾ ಎಪ್ಪತ್ತು.

ಸ್ಪೀಕರಿನಲ್ಲಿ ವಿನೋದನ ದನಿ ಬಂತು. "ಮೇಡಂ... ನಿಂತೈತ್ರಿ."

ಇನ್ನೂ ಮೂರು ನಿಮಿಷ ಕಳೆದ ಮೇಲೆ ಅಂಕಿ ನೂರಾ ಅರವತ್ತೆಂಟಾಯಿತು. ಚನ್ನವೀರ ಹೆಂಡತಿಯ ಹೆಗಲಿಗೆ ಹಣೆ ಒತ್ತಿದ.

ಆ ದಿನ ಸಂಜೆಯವರೆಗೂ ಅಂಕಿ ಏರುತ್ತ ಇಳಿಯುತ್ತ ಎಲ್ಲರನ್ನೂ ಸಾಯಿಸಿತು. ಉಳಿದ ಮೂರು ಪಾಲನ್ನು ಮುಚ್ಚಲು ಇನ್ನೂ ನಾಲ್ಕು ದಿನ ಹಿಡಿಯಿತು. ಅವತ್ತು ಎರಡು ಗಂಟೆ ತುಂಬುವ ಮೊದಲೂ, ಆ ನಾಲ್ಕು ದಿನವೂ ಚನ್ನವೀರ ಹೊಂಬಳರಿಗೆ ಹೂಂ ಎಂದ. ಮೂರನೆಯ ದಿನ ನೀಲವ್ವ ಕೂಸಿನ ಬಟ್ಟೆ ಬಿಚ್ಚಿದವಳು, ಆ ಬಟ್ಟೆಯನ್ನು ಹಾಗೆಯೇ ಎತ್ತಿ ಹಿಡಿದುಕೊಂಡು ಡಾಕ್ಟರ ಕೋಣೆಗೆ ಓಡಿದಳು. ಮಲ ಸಾಸಿವೆಯ ಹೂವಿನಂತೆ ಹಳದಿಯಾಗಿತ್ತು. ರುಬೀನಾ ಆ ಬಟ್ಟೆಯನ್ನು ಮೇಜಿನ ಮೇಲೆ ಹರಡಿಸಿಕೊಂಡು ನೋಡಿದರು, ವಿನೋದನನ್ನೂ ಕರೆದು ತೋರಿಸಿದರು. ಅಷ್ಟು ಸಂಭ್ರಮದಿಂದ ಹೇಲು ನೋಡಿದ ಜನವನ್ನು ತಾನು ಕಂಡಿಲ್ಲವೆಂದು ನೀಲವ್ವ ಆಮೇಲೆ ಊರಲ್ಲೆಲ್ಲ ಹೇಳಿದಳು.

ಕೂಸಿನ ಬಲಗೈ ಅದುರುವುದು ಮಾತ್ರ ಪೂರ್ತಿ ನಿಲ್ಲಲಿಲ್ಲ. ನಿಲ್ಲಬಹುದು, ನಿಲ್ಲದೆಯೂ ಇರಬಹುದು ಎಂದರು ರುಬೀನಾ. ಅವರು ತಮ್ಮ ಮೇಲಿನವರಿಗೆ ವರದಿ ಬರೆದರು. ನಾಳವನ್ನು ಮೊದಲೇ ಸ್ವಲ್ಪಸ್ವಲ್ಪ ಬಿಗಿಮಾಡಿ ತೇಪೆಗೆ ಕೆಲಸ ಕಲಿಸಬೇಕೆಂದು ವಿನೋದ ಹೇಳುತ್ತ ಬಂದಿದ್ದ. ಆಸರೆಯವರು ಒಪ್ಪಿ ಕೂತಿರುವಾಗ ಕೂಸನ್ನು ಅಪಾಯಕ್ಕೆ ಒಡ್ಡುವಂತಿಲ್ಲ ಎಂಬ ನಿಯಮ ಅಡ್ಡ ಬಂದಿತ್ತು. ಇನ್ನು ಮುಂದೆ ಯಾರೂ ಅರವತ್ತು ದಿನ ಕೂರಬೇಕಾಗಿಲ್ಲ ಎಂದರು.

ಜನ ಬಂದು ಚನ್ನವೀರನಿಗೆ ಶಾಲು ಹೊದಿಸಿದರು. ಕಂಪನಿಯ ಗೆಳೆಯರು ಹಾರ ತಂದರು. ಆ 'ಇಲ್ಲ' ಎಂಬ ಮಾತನ್ನು ಬಲ್ಲವರೆಲ್ಲ ಅವನಿಗೆ ಒಂದೊಂದು ನೆಪ ಕೊಟ್ಟರು. ನಂಜು ಏರಿತ್ತು, ಅದು ನೀವು ಆಡಿದ ಮಾತಲ್ಲ ಎಂದರು ನರ್ಸುಗಳು. ದೇವರೇ ನಿನ್ನ ಬಾಯಲ್ಲಿ ಆಡಿಸಿದ ಎಂದಳು ಅವ್ವ. ಅವನು ತಲೆಯಾಡಿಸಿದ. ನೂರರಿಂದ ಏಳೇಳು ಕಳೆದದ್ದು ಅವನಿಗೆ ನೆನಪಿತ್ತು.

ನಾಳ ಬಿಡಿಸಿದ ಹನ್ನೆರಡನೆಯ ದಿನ, ಮಧ್ಯಾಹ್ನ, ಅವನು ಗೋಡೆ ಹಿಡಿದುಕೊಂಡು ಕೆಳಗಿಳಿದು ಬಂದ. ಆಸ್ಪತ್ರೆಯ ಗೇಟಿನ ಪಕ್ಕದ ಕಟ್ಟೆಯ ಮೇಲೆ ಮಧುಮತಿ ಕೂತಿದ್ದಳು. ಅವನೂ ಕೂತ. ಗಾಳಿ ಧೂಳೆಬ್ಬಿಸಿ ಬೀಸುತ್ತಿತ್ತು.

"ಒಂದು ಹೇಳಬೇಕು," ಎಂದ. "ಅವತ್ತು ನಾ ಇಲ್ಲ ಅಂದದ್ದು ಲಿವರ್ ಕೆಡ್ತೈತಿ ಅಂತಲ್ಲ. ಅವ್ವ ಹೇಳಿದ್ಲು ಅಂತಾನೂ ಅಲ್ಲ. ಕಿಡಕಿ ಆಚಿ ಗಾಳಿ ಬಿಟ್ಟಿತ್ತು. ಹೊರಗ ಹೋಗಿ ನಿಂದರಬೇಕು ಅನಸ್ತು. ಅಷ್ಟ. ಅಷ್ಟಕ್ಕ ಮಗಳನ್ನ ಬಿಟ್ಟೆ."

ಮಧುಮತಿ ರಸ್ತೆಯ ಕಡೆ ನೋಡುತ್ತಲೇ ಹೇಳಿದಳು.

"ನಾ ನಲವತ್ತು ನಿಮಿಷ ಯಾಕ ಬರಲಿಲ್ಲ ಗೊತ್ತೇನ್ರಿ? ಇಲ್ಲೇ, ಇದೇ ಕಟ್ಟಿ ಮ್ಯಾಲೆ ಕುಂತಿದ್ದೆ. ನೀವು ಇಲ್ಲ ಅಂದದ್ದು ನೋಡಿ ನನ್ನ ಎದಿ ಒಡೀಲಿಲ್ಲ. ಹಗರಾತು. ಅಬ್ಬಾ, ಮುಗೀತು, ಇನ್ನ ನಾಳಿ ಹತ್ತು ಗಂಟೆಗೆ ನಿಂದರೂದಿಲ್ಲ ಅನಸ್ತು. ಹಂಗ ಅನಸಿದ್ದಕ್ಕ ನಾಚಿಕಿ ಬಂದು ಮ್ಯಾಲೆ ಬರಾಕ ಆಗಲಿಲ್ಲ."

ಅವನು ಅವಳ ಕೈ ಹಿಡಿದುಕೊಳ್ಳಲು ಹೋದ. ಅವಳು ಕೊಡಲಿಲ್ಲ.

"ಇನ್ನಾ ಐತಿ. ಹತ್ತು ನಿಮಿಷ ಕೊಡ್ರಿ ಅಂದೆ ಅಲ್ಲ, ಎಲ್ಲಾರೂ ನನ್ನ ಧೈರ್ಯಾ ಹೊಗಳ್ತಾರ. ತಾಯಿ ಕರಳಿಗೆ ತಿಳದಿತ್ತು ಅಂತಾರ. ನನಗೇನೂ ತಿಳದಿರಲಿಲ್ರಿ. ಕೂಸು ಉಳೀತೈತಿ ಅಂತ ನಾ ಹೇಳಿದ್ದಲ್ಲ. ಅದರ ಕೈ ಅದರೂದು ನೋಡಿ, ಅದು ಹೋತು ಅಂತ ನಂಬಿದ್ದೆ. ನೀವು ಹೂಂ ಅಂತೀರಲ್ಲ, ತಿರುಗಿ ಆ ನಾಳಕ್ಕ ಬೀಳ್ತೀರಲ್ಲ ಅಂತ ಅಂಜಿಕಿ ಆತು. ನೀವರ ಉಳೀರಿ ಅಂತ ಅಂದೆ. ಮಡಲಾಗ ಮಗಳನ್ನ ಇಟ್ಕೊಂಡು ನಾ ಹಂಗ ಅಂದೆ."

ಅವಳು ಅಳಲಿಲ್ಲ. ಕಣ್ಣಿಗೆ ಧೂಳು ಹೊಕ್ಕವರ ಹಾಗೆ ಕಣ್ಣು ಸಣ್ಣ ಮಾಡಿಕೊಂಡು ಕೂತಿದ್ದಳು. ಚನ್ನವೀರ ಸ್ವಲ್ಪ ಸರಿದು ಕೂತು, ಅವತ್ತು ಹಾಸಿಗೆಯ ಮೇಲೆ ಕೂತ ಹಾಗೆ, ಅವಳ ಬೆನ್ನಿಗೆ ತನ್ನ ಬೆನ್ನು ತಾಗಿಸಿದ.

"ದೊಡ್ಡಾಕಿ ಆದ ಮ್ಯಾಲೆ ಕೇಳ್ತಾಳ," ಎಂದಳು ಮಧುಮತಿ. "ಕೈ ಯಾಕ ಹಿಂಗ ಅಂತ ಕೇಳ್ತಾಳ."

"ಹೇಳೂಣು."

"ಎಲ್ಲಾನೂ?"

"ಎಲ್ಲಾನೂ. ಮೊದ್ಲ ನಾ ನಂದು ಹೇಳ್ತೀನಿ."

ಮೂರು ಗಂಟೆ ಆಗುತ್ತ ಬಂದಿತ್ತು, ಹಾಲು ಕುಡಿಸುವ ಹೊತ್ತು. ಮಧುಮತಿ ಎದ್ದು ಸೀರೆ ಕೊಡವಿಕೊಂಡಳು. ನೀವು ಕೂಡ್ರಿ, ಇನ್ನೊಂದೀಟು ಗಾಳಿ ಕುಡೀರಿ ಎಂದು ಹೇಳಿ ಒಳಗೆ ನಡೆದಳು. ಅವನು ಎರಡು ನಿಮಿಷ ಕೂತ. ಆಮೇಲೆ ಕಟ್ಟೆಗೆ ಕೈ ಊರಿ ಎದ್ದು, ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತತೊಡಗಿದ.